ಹನಿ ಕೇಕ್, ಜಾಮ್ ಮತ್ತು ಆ 34 ಬಾಟಲಿಗಳು

(ನಮ್ಮ ಮಹಿಳಾ ವೇದಿಕೆಯ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



"ಮನೆಯಲ್ಲೇ ಕೇಕು, ಜಾಮು ಮಾಡೋದು ಹೇಗೆ ಅಂತ ಇಪ್ಪತ್ತು ನಿಮಿಷ ಮಾತಾಡಿ" ಎಂದು ಕಾರ್ಯದರ್ಶಿಗಳು ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದು, "ನನ್ನನ್ನೇ ಯಾಕೆ ಕರೀತಿದ್ದೀರಿ? ಆ ಸಂಕ್ರಾಂತಿ ನಿಮಗೆ ನೆನಪಿಲ್ವಾ?" ಅಂತ. ಅವರು ನಕ್ಕು, "ನೆನಪಿದೆ, ಅದಕ್ಕೇ ಕರೀತಿರೋದು" ಎಂದರು. ಇಲ್ಲಿ ಕುಳಿತಿರುವ ಕೆಲವರಿಗೆ ಆ ಕಥೆ ಗೊತ್ತು. ಹೊಸಬರಿಗೆ ಗೊತ್ತಿಲ್ಲ. ಅದನ್ನು ಹೇಳದೆ ಬರೀ ಅಳತೆ ಹೇಳಿದರೆ ನನ್ನ ಮಾತು ಅರ್ಧವಾಗುತ್ತದೆ. ಹಾಗಾಗಿ ಎರಡನ್ನೂ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಹಾಸನದಲ್ಲಿ. ಬೆಂಗಳೂರಿನಲ್ಲಿ ಅಯ್ಯಂಗಾರ್ ಬೇಕರಿ ಇಟ್ಟವರಲ್ಲಿ ಬಹಳ ಮಂದಿ ನಮ್ಮ ಜಿಲ್ಲೆಯ ಹಳ್ಳಿಗಳಿಂದ ಹೋದವರು ಎನ್ನುವುದು ನಮಗೆಲ್ಲ ಒಂದು ಹೆಮ್ಮೆ. ಸಂಜೆ ನಾಲ್ಕು ಗಂಟೆಗೆ ಶಾಲೆಯಿಂದ ಬರುವಾಗ ಖಾರ ಬನ್ನು, ದಿಲ್‌ಪಸಂದು ಒಲೆಯಿಂದ ಹೊರಗೆ ಬರುವ ಹೊತ್ತು. ಆ ವಾಸನೆಗೆ ನಮ್ಮ ಕಾಲು ತಾನೇ ನಿಧಾನವಾಗುತ್ತಿತ್ತು. ಅಪ್ಪನಿಗೆ ಸಂಬಳ ಬಂದ ದಿನ ಮಾತ್ರ ಹನಿ ಕೇಕು. ಮೆತ್ತನೆಯ ಕೇಕು, ಒಳಗೆಲ್ಲ ಜೇನು ಬೆರೆಸಿದ ಸಕ್ಕರೆ ನೀರು ಇಳಿದಿರುತ್ತಿತ್ತು, ಮೇಲೆ ಕೆಂಪು ಜಾಮ್ ಸವರಿ ಒಣ ಕೊಬ್ಬರಿ ಪುಡಿ ಉದುರಿಸಿರುತ್ತಿದ್ದರು. ನಾನು ಕೇಕನ್ನು ಮೊದಲು ತಿಂದು, ಜಾಮ್ ಇರುವ ಮೇಲಿನ ಪದರವನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದೆ. ನಮ್ಮ ತಮ್ಮ ಅದನ್ನೇ ಕಿತ್ತುಕೊಂಡು ಓಡುತ್ತಿದ್ದ.

ಮದುವೆಯಾಗಿ ಪುಣೆಗೆ ಬಂದೆ. ಪುಣೆಯಲ್ಲಿ ಬೇಕರಿಗೇನೂ ಬರವಿಲ್ಲ. ಕ್ಯಾಂಪಿನ ಶ್ರೂಸ್‌ಬರಿ ಬಿಸ್ಕತ್ತಿಗೆ ಜನ ಸಾಲು ನಿಲ್ಲುವುದನ್ನು ನೀವೆಲ್ಲ ನೋಡಿದ್ದೀರಿ. ಇರಾನಿ ಬೇಕರಿಯ ಮಾವಾ ಕೇಕು ಇದೆ. ಪಕ್ಕದ ಮನೆಯ ಮರಾಠಿ ಅಜ್ಜಿ, ಅವರ ಕಾಲದಲ್ಲಿ ದೀಪಾವಳಿಗೆ ಮುಂಚೆ ಹಿಟ್ಟು, ತುಪ್ಪ, ಸಕ್ಕರೆ ಡಬ್ಬಿಯಲ್ಲಿ ಹಾಕಿಕೊಂಡು ಬೇಕರಿಯ ಭಟ್ಟಿಗೆ ಹೋಗಿ, ಅಲ್ಲೇ ನಿಂತು ನಾನ್‌ಖಟಾಯಿ ಬೇಯಿಸಿಕೊಂಡು ಬರುತ್ತಿದ್ದುದನ್ನು ಕಥೆಯ ಹಾಗೆ ಹೇಳುತ್ತಿದ್ದರು. ಎಲ್ಲ ಇತ್ತು, ಆದರೆ ನಮ್ಮ ಹನಿ ಕೇಕು ಮಾತ್ರ ಇರಲಿಲ್ಲ. ಬೇಕಾದರೆ ನಾನೇ ಮಾಡಿಕೊಳ್ಳಬೇಕು.

ಮೊದಲ ಕೇಕನ್ನು ಮಾಡಿದ್ದು ಕುಕ್ಕರಿನಲ್ಲಿ. ನೀರು ಹಾಕಬಾರದು, ಸೀಟಿ ತೆಗೆಯಬೇಕು ಎಂದು ಯಾರೋ ಹೇಳಿದ್ದರು. ಗ್ಯಾಸ್ಕೆಟ್ ತೆಗೆಯಬೇಕು ಎನ್ನುವುದನ್ನು ಹೇಳಿರಲಿಲ್ಲವೋ, ನಾನೇ ಕೇಳಿಸಿಕೊಳ್ಳಲಿಲ್ಲವೋ! ಅರ್ಧ ಗಂಟೆಗೆ ಮನೆಯೆಲ್ಲ ಸುಟ್ಟ ರಬ್ಬರಿನ ವಾಸನೆ. ನಮ್ಮ ಅತ್ತೆ ಜಪಮಾಲೆ ಹಿಡಿದುಕೊಂಡೇ ಅಡುಗೆಮನೆಗೆ ಬಂದು, "ಇದೇನಮ್ಮ, ನಿಮ್ಮ ಊರಿನ ಕೇಕಿನ ಪರಿಮಳ ಹೀಗಾ?" ಎಂದರು. ಆಮೇಲೆ ಕುಕ್ಕರಿನ ಸಹವಾಸ ಬಿಟ್ಟೆ. ದಪ್ಪ ತಳದ ಹಳೆಯ ಪಾತ್ರೆ, ಒಳಗೆ ಎರಡು ಬಟ್ಟಲು ಕಲ್ಲುಪ್ಪು, ಮೇಲೊಂದು ಸ್ಟ್ಯಾಂಡು, ಬಿಗಿಯಾದ ಮುಚ್ಚಳ. ಮೂರು ವರ್ಷ ಇದೇ ನನ್ನ ಓವನ್. ಆಮೇಲೆ ಒಂದು ಚಿಕ್ಕ ಓಟಿಜಿ ಬಂತು.

ಕೇಕು ಕೈಗೆ ಹತ್ತಿತು. ಆದರೆ ಮೇಲೆ ಸವರಲು ಅಂಗಡಿಯ ಜಾಮನ್ನೇ ತರುತ್ತಿದ್ದೆ. ಪುಣೆಯಲ್ಲಿ ಕುಳಿತು ಅಂಗಡಿಯ ಜಾಮ್ ಯಾಕೆ? ಮಹಾಬಲೇಶ್ವರ, ಪಂಚಗಣಿ ನಮ್ಮಿಂದ ಮೂರು ಗಂಟೆಯ ದಾರಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಸ್ಟ್ರಾಬೆರಿ ಬುಟ್ಟಿ ಬುಟ್ಟಿ ಬರುತ್ತದೆ. ಹೀಗೆ ಜಾಮ್ ಶುರುವಾಯಿತು. ಮನೆಗೆ ಮಾಡಿದ್ದು ವಾರದಲ್ಲೇ ಖಾಲಿಯಾಗುತ್ತಿತ್ತು. ಎಲ್ಲರೂ ಹೊಗಳಿದರು. ಹೊಗಳಿಕೆ ತಲೆಗೆ ಏರಿತು.

ಈಗ ಆ ಸಂಕ್ರಾಂತಿಗೆ ಬರುತ್ತೇನೆ. 2020ರ ಜನವರಿ. ಅದಕ್ಕೆ ಮೂರು ತಿಂಗಳ ಹಿಂದೆ ನಮ್ಮ ಯಜಮಾನರ ಕೆಲಸ ಹೋಗಿತ್ತು. ಸಂಘದಲ್ಲಿ ಯಾರಿಗೂ ಹೇಳಿರಲಿಲ್ಲ. ಅವರು ಬೆಳಿಗ್ಗೆ ಎಂದಿನಂತೆ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಹೊರಗೆ ಹೋಗುತ್ತಿದ್ದರು. ಮಗಳ ಕಾಲೇಜಿನ ಎರಡನೆಯ ಕಂತು ಕಟ್ಟುವುದಿತ್ತು. ನಮ್ಮ ವೇದಿಕೆಯ ಸಂಕ್ರಾಂತಿ ಮೇಳದಲ್ಲಿ ಮಳಿಗೆ ಇಡಬಹುದು ಎಂದಾಗ, ನಾನು ಜಾಮ್ ಇಡುತ್ತೇನೆ ಎಂದು ಹೆಸರು ಕೊಟ್ಟೆ. ಹವ್ಯಾಸಕ್ಕೆ ಎಂದು ಎಲ್ಲರೂ ಅಂದುಕೊಂಡರು. ನನಗೆ ಅದು ದುಡ್ಡಿಗೆ.

ಮಾರ್ಕೆಟ್ ಯಾರ್ಡಿನಿಂದ 11 ಕಿಲೋ ಸ್ಟ್ರಾಬೆರಿ ತಂದೆ. ಸಕ್ಕರೆ ಹಾಕಿದ್ದು 3 ಕಿಲೋ ಮಾತ್ರ. "ಕಡಿಮೆ ಸಕ್ಕರೆ, ಆರೋಗ್ಯಕ್ಕೆ ಒಳ್ಳೆಯದು" ಎಂದು ಚೀಟಿಯಲ್ಲಿ ಬೇರೆ ಬರೆದೆ. ಬಣ್ಣ ಕಪ್ಪಾಗಬಾರದೆಂದು ಬೇಗ ಇಳಿಸಿದೆ. ಬಾಟಲಿಗಳು ಕೆಲವು ಹೊಸವು, ಕೆಲವು ಮನೆಯಲ್ಲಿದ್ದ ಹಳೆಯವು. ಬಿಸಿನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿದೆ. ರಾತ್ರಿ ಹನ್ನೊಂದಾಗಿತ್ತು, ಜಾಮ್ ಆರಿದ ಮೇಲೆ ತುಂಬಿದೆ. ಒಟ್ಟು 36 ಬಾಟಲಿ, ಒಂದೊಂದರಲ್ಲಿ ಕಾಲು ಕಿಲೋ. ಬಾಟಲಿಗೆ 150 ರೂಪಾಯಿಯಂತೆ 34 ಮಾರಾಟವಾದವು. ಎರಡನ್ನು ಮನೆಗೆ ಉಳಿಸಿಕೊಂಡೆ. ಎಳ್ಳುಬೆಲ್ಲದ ಜೊತೆಗೆ 5,100 ರೂಪಾಯಿ ಮನೆಗೆ ತಂದ ಆ ಸಂಜೆ ನನಗಾದ ಸಂತೋಷವನ್ನು ಹೇಗೆ ಹೇಳಲಿ! ಖರ್ಚು ಕಳೆದರೆ ಉಳಿದದ್ದು ದೊಡ್ಡ ಮೊತ್ತವೇನಲ್ಲ. ಆದರೂ ಅದು ನನ್ನ ಕೈಯಿಂದ ಬಂದದ್ದು.

ಹದಿನೆಂಟನೆಯ ದಿನ ಮನೆಯ ಬಾಟಲಿ ತೆರೆದೆ. ಮೇಲೆ ಬಿಳಿ ಬೂಷ್ಟು, ನಡುವೆ ಹಸಿರು ಚುಕ್ಕೆ. ಎರಡನೆಯದನ್ನೂ ತೆರೆದೆ. ಅದರಲ್ಲೂ ಬೂಷ್ಟು.

ನಿಜ ಹೇಳುತ್ತೇನೆ, ಮೊದಲು ಮನಸ್ಸಿಗೆ ಬಂದದ್ದು ಸುಮ್ಮನಿದ್ದುಬಿಡೋಣ ಅಂತ. ಯಾರಾದರೂ ಕೇಳಿದರೆ, "ಫ್ರಿಜ್ಜಿನಲ್ಲಿ ಇಡಲಿಲ್ಲವೇನೋ" ಎನ್ನಬಹುದು. ಕೆಲವರಾದರೂ ಮೇಲಿನದನ್ನು ಕೆರೆದು ತೆಗೆದು ಉಳಿದದ್ದನ್ನು ತಿನ್ನುತ್ತಾರೆ, ನಾವೇ ಎಷ್ಟು ಸಲ ಹಾಗೆ ಮಾಡಿಲ್ಲ! ಆ ಯೋಚನೆ ಬಂದಾಗ ಎದೆ ಝಲ್ಲೆಂದಿತು. ಮೈಸೂರಿನಲ್ಲಿ ನಮ್ಮ ಚಿಕ್ಕಮ್ಮ ಗೃಹವಿಜ್ಞಾನದ ಟೀಚರ್ ಆಗಿದ್ದವರು. ಅವರಿಗೆ ಫೋನ್ ಮಾಡಿದೆ. ಅವರು ಒಂದೇ ಮಾತು ಹೇಳಿದರು: "ಬೂಷ್ಟಿನ ಬೇರು ಕಣ್ಣಿಗೆ ಕಾಣಲ್ಲ ಕಣೇ, ತೆಳ್ಳಗಿನ ಜಾಮಿನೊಳಗೆ ಇಳಿದಿರತ್ತೆ. ಕೆಲವು ಬೂಷ್ಟು ವಿಷ ಬಿಡತ್ತೆ. ಕೆರೆದು ತಿನ್ನೋ ಪದಾರ್ಥ ಅಲ್ಲ ಅದು. ಮೊದಲು ಕೊಂಡವರಿಗೆಲ್ಲ ಹೇಳು, ಆಮೇಲೆ ಅಳು."

ಮೇಳದ ಪಟ್ಟಿ ಕಾರ್ಯದರ್ಶಿಗಳ ಹತ್ತಿರ ಇತ್ತು. ಅವತ್ತೇ ಮಧ್ಯಾಹ್ನ ಕುಳಿತು ಒಬ್ಬೊಬ್ಬರಿಗೇ ಫೋನ್ ಮಾಡಿದೆ. "ನಾನು ಕೊಟ್ಟ ಜಾಮ್ ಕೆಟ್ಟಿದೆ, ತಪ್ಪು ನನ್ನದೇ, ದಯವಿಟ್ಟು ತಿನ್ನಬೇಡಿ, ದುಡ್ಡು ವಾಪಸು ಕೊಡುತ್ತೇನೆ." ಹತ್ತು ಫೋನ್ ಆಗುವಷ್ಟರಲ್ಲಿ ಗಂಟಲು ಕಟ್ಟಿತು. ಒಬ್ಬರು, "ಅಯ್ಯೋ, ನಮ್ಮ ಮೊಮ್ಮಗ ದಿನಾ ಬ್ರೆಡ್ಡಿಗೆ ಹಚ್ಚಿಕೊಂಡು ತಿಂತಿದ್ದಾನಲ್ಲಾ, ನಿನ್ನೇನೂ ತಿಂದ" ಎಂದರು. ಮಗುವಿಗೆ ನಾಲ್ಕು ವರ್ಷ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಆರಕ್ಕೇ ಅವರ ಮನೆ ಬಾಗಿಲಲ್ಲಿ ನಿಂತಿದ್ದೆ. ಮಗು ಚಾಪೆಯ ಮೇಲೆ ಕುಳಿತು ಹಾಲು ಕುಡಿಯುತ್ತಿತ್ತು. ಆ ಮನೆಯವರು ಬಾಟಲಿಯನ್ನು ಫ್ರಿಜ್ಜಿನಲ್ಲೇ ಇಟ್ಟಿದ್ದರು, ಅದಕ್ಕೆ ಬೂಷ್ಟು ಬಂದಿರಲಿಲ್ಲ. ಅವರು ನನಗೂ ಕಾಫಿ ಕೊಟ್ಟರು. ಆ ಕಾಫಿ ಕುಡಿಯುವಾಗ, ಯಜಮಾನರ ಕೆಲಸ ಹೋದದ್ದನ್ನು ಮೊದಲ ಸಲ ಹೊರಗಿನವರ ಹತ್ತಿರ ಹೇಳಿದೆ.

ದುಡ್ಡು ವಾಪಸು ಕೊಟ್ಟೆ. ಯಾರೂ ಬೈಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಬ್ಬರು ಬೈದರು, ಅವರು ಬೈದದ್ದು ಸರಿ. ನಾಲ್ಕು ಜನ ದುಡ್ಡು ಬೇಡ ಎಂದರು, ಅವರಿಗೂ ಒತ್ತಾಯದಿಂದ ಕೊಟ್ಟೆ. ಪಕ್ಕದ ಮರಾಠಿ ಅಜ್ಜಿ ಮಾತ್ರ ದುಡ್ಡು ಮುಟ್ಟಲೇ ಇಲ್ಲ. ಅವರು ಪ್ರತಿ ಬೇಸಿಗೆಯಲ್ಲೂ ಮಾವಿನಕಾಯಿಯ ಸಾಖರಾಂಬಾ ಮಾಡಿ ವರ್ಷವಿಡೀ ಇಡುವವರು. "ಸಕ್ಕರೆಗೆ ಲೋಭ ಮಾಡಿದವರ ಬರಣಿ ಉಳಿಯಲ್ಲ. ನನಗೆ ದುಡ್ಡು ಬೇಡ, ಸರಿಯಾದ ಜಾಮ್ ಮಾಡಿ ಕೊಡು" ಎಂದರು.

ಹಾಗಾದರೆ ಸರಿಯಾದದ್ದು ಎಂದರೇನು? ಚಿಕ್ಕಮ್ಮ ನಾಲ್ಕು ದಿನ ಫೋನಿನಲ್ಲಿ ಪಾಠ ಮಾಡಿದರು. ಅವರು ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ, ಅದೇ 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಶುರುವಾದ ಆಹಾರ ಸಂಶೋಧನಾಲಯದಲ್ಲಿ, ಹಣ್ಣು ಕೆಡದಂತೆ ಇಡುವ ಬಗ್ಗೆ ಸಣ್ಣ ತರಬೇತಿ ಪಡೆದಿದ್ದವರು. ಅವರು ಹೇಳಿದ್ದರ ಸಾರವನ್ನು ನಿಮಗೆ ಹೇಳುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ.

ಜಾಮ್ ಗಟ್ಟಿಯಾಗಲು ಮೂರು ಬೇಕು: ಹಣ್ಣಿನ ಪೆಕ್ಟಿನ್, ಹುಳಿ, ಸಕ್ಕರೆ. ಪೆಕ್ಟಿನ್ ಎಂದರೆ ಹಣ್ಣಿನಲ್ಲೇ ಇರುವ ಅಂಟು. ಸೀಬೆಹಣ್ಣು, ಹುಳಿ ಸೇಬು, ಕಿತ್ತಳೆ ಮತ್ತು ನಿಂಬೆಯ ಸಿಪ್ಪೆ, ಬೀಜ, ಬೇಲದ ಹಣ್ಣು, ಕವಳೆಕಾಯಿ, ಇವುಗಳಲ್ಲಿ ಹೆಚ್ಚು. ಸ್ಟ್ರಾಬೆರಿ, ಅನಾನಸು, ಹಿಪ್ಪುನೇರಳೆ, ಇವುಗಳಲ್ಲಿ ಕಡಿಮೆ. ಹಣ್ಣು ತೀರಾ ಕಳಿತರೆ ಅಂಟು ಇನ್ನೂ ಕಡಿಮೆಯಾಗುತ್ತದೆ, ಅದಕ್ಕೇ ಕಳಿತ ಹಣ್ಣಿನ ಜೊತೆ ಸ್ವಲ್ಪ ದೋರೆಯದೂ ಇರಬೇಕು. ಹುಳಿಗೆ ನಿಂಬೆರಸ. ಇನ್ನು ಸಕ್ಕರೆ. ನಾನು ಅದನ್ನು ಬರೀ ಸಿಹಿಗೆ ಎಂದುಕೊಂಡಿದ್ದೆ. ಸಕ್ಕರೆಯ ನಿಜವಾದ ಕೆಲಸ ಹಣ್ಣಿನ ನೀರನ್ನು ಹಿಡಿದಿಟ್ಟುಕೊಳ್ಳುವುದು. ಬೂಷ್ಟಿಗೆ ಬೆಳೆಯಲು ನೀರು ಬೇಕು, ಸಕ್ಕರೆ ಅದನ್ನು ಬಿಟ್ಟುಕೊಡುವುದಿಲ್ಲ. ನಮ್ಮ ದೇಶದ ಆಹಾರ ನಿಯಮದಲ್ಲಿ ಜಾಮ್ ಎಂದು ಮಾರುವ ಪದಾರ್ಥದಲ್ಲಿ ಕರಗಿದ ಘನಾಂಶ, ಅದರಲ್ಲಿ ಬಹುಪಾಲು ಸಕ್ಕರೆಯೇ, ಶೇಕಡ 65ಕ್ಕೆ ಕಡಿಮೆ ಇರಬಾರದು ಎಂದಿದೆ. ನನ್ನ ಆ 36 ಬಾಟಲಿಗಳಲ್ಲಿ ಅದು ಅರ್ಧದಷ್ಟೂ ಇರಲಿಲ್ಲ. ನಾನು ಮಾಡಿದ್ದು ಹಣ್ಣಿನ ಗೊಜ್ಜು, ಚೀಟಿಯಲ್ಲಿ ಬರೆದದ್ದು ಜಾಮ್!

ಈಗ ಅಳತೆ. ಸ್ಟ್ರಾಬೆರಿ ತೊಳೆದು, ತೊಟ್ಟು ತೆಗೆದು, 1 ಕಿಲೋ ತೂಗಿ. ಸಕ್ಕರೆ 750 ಗ್ರಾಂ. ಎರಡು ನಿಂಬೆಹಣ್ಣಿನ ರಸ. ಒಂದು ಹುಳಿ ಹಸಿರು ಸೇಬನ್ನು ಸಿಪ್ಪೆ ಸಮೇತ ತುರಿದು ಹಾಕಿ, ಇಲ್ಲವೇ ಒಂದು ದೋರೆ ಸೀಬೆಕಾಯಿ. ಹಣ್ಣಿಗೆ ಸಕ್ಕರೆ ಬೆರೆಸಿ ಎರಡು ಗಂಟೆ ಬಿಡಿ, ತಾನೇ ನೀರು ಬಿಡುತ್ತದೆ. ಅಗಲ ಬಾಯಿಯ, ದಪ್ಪ ತಳದ ಸ್ಟೀಲ್ ಪಾತ್ರೆ ಇಡಿ. ಅಲ್ಯುಮಿನಿಯಂ ಬೇಡ, ಹುಳಿಗೆ ಅದು ಆಗದು. ಪಾತ್ರೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಉಕ್ಕಿ ಕೈ ಸುಡುತ್ತದೆ. ಸಕ್ಕರೆ ಪೂರ್ತಿ ಕರಗುವವರೆಗೆ ಸಣ್ಣ ಉರಿ, ಆಮೇಲೆ ನಿಂಬೆರಸ ಹಾಕಿ ದೊಡ್ಡ ಉರಿ. ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಸಿದರೆ ಬಣ್ಣವೂ ಹೋಗುತ್ತದೆ, ಅಂಟೂ ಹೋಗುತ್ತದೆ. ನೊರೆ ತೆಗೆಯುತ್ತಿರಿ, ತಳ ಕೈಯಾಡಿಸುತ್ತಿರಿ.

ಇಳಿಸುವುದು ಯಾವಾಗ? ಇಲ್ಲಿ ನಾವು ಕನ್ನಡದ ಹೆಂಗಸರು ಹೆದರಬೇಕಾಗಿಲ್ಲ. ಒಂದೆಳೆ ಪಾಕ, ಉಂಡೆ ಪಾಕ ನೋಡಿ ಬೆಳೆದವರು ನಾವು. ಜಾಮೂ ಒಂದು ಪಾಕವೇ. ಒಂದು ತಟ್ಟೆಯನ್ನು ಫ್ರೀಜರಿನಲ್ಲಿ ಇಟ್ಟಿರಿ. ಒಂದು ಹನಿ ಹಾಕಿ, ಒಂದು ನಿಮಿಷ ಬಿಟ್ಟು ಬೆರಳಿನಿಂದ ತಳ್ಳಿ. ಮೇಲೆ ಸುಕ್ಕು ಕಟ್ಟಿದರೆ ಆಯಿತು. ಪರೀಕ್ಷೆ ಮಾಡುವಾಗ ಒಲೆ ಆರಿಸಿ, ಇಲ್ಲದಿದ್ದರೆ ನಾವು ನೋಡುತ್ತಿರುವಷ್ಟರಲ್ಲಿ ಪಾಕ ಮೀರುತ್ತದೆ. ಥರ್ಮಾಮೀಟರ್ ಇದ್ದರೆ ಪುಸ್ತಕಗಳಲ್ಲಿ 105 ಡಿಗ್ರಿ ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ, ಮುಂಬೈಯವರಿಗೆ ಸರಿ. ನಮ್ಮ ಪುಣೆ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ, ಹಾಗಾಗಿ ನಮಗೆ 103 ಸಾಕು. ಇದು ತಿಳಿಯದೆ ನಾನೊಮ್ಮೆ 105 ಬರಲಿ ಎಂದು ಕಾದು ಜಾಮನ್ನು ಚಿಕ್ಕಿಯಂತೆ ಮಾಡಿದ್ದೂ ಉಂಟು.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ತೂಕದ ಲೆಕ್ಕ. ಹಾಕಿದ ಸಕ್ಕರೆಯ ಒಂದೂವರೆ ಪಟ್ಟು ತೂಕಕ್ಕೆ ಜಾಮ್ ಇಳಿದರೆ ಆಯಿತು ಎಂದರ್ಥ. 750 ಗ್ರಾಂ ಸಕ್ಕರೆಗೆ ಸುಮಾರು 1,125 ಗ್ರಾಂ ಜಾಮ್. ಖಾಲಿ ಪಾತ್ರೆಯನ್ನು ಮೊದಲೇ ತೂಗಿ ಬರೆದಿಟ್ಟುಕೊಂಡರೆ ಮುಗಿಯಿತು. ತಕ್ಕಡಿ ಯಾರ ಮುಲಾಜಿಗೂ ಸುಳ್ಳು ಹೇಳುವುದಿಲ್ಲ.

ಬಾಟಲಿಯ ವಿಷಯ. ಗಾಜಿನ ಬಾಟಲಿ, ಮುಚ್ಚಳ ಎರಡನ್ನೂ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ ಕುದಿಸಿ. ಬಟ್ಟೆಯಲ್ಲಿ ಒರೆಸಬೇಡಿ, ಬಾಟಲಿಗಳನ್ನು ಸಣ್ಣ ಉರಿಯ ಓವನ್ನಿನಲ್ಲಿ ಒಣಗಿಸಿ. ಬಾಟಲಿಯೂ ಬಿಸಿ, ಜಾಮೂ ಬಿಸಿ ಇರುವಾಗಲೇ ತುಂಬಿ, ಅರ್ಧ ಬೆರಳಿನಷ್ಟು ಜಾಗ ಬಿಟ್ಟು ಮುಚ್ಚಿ. ಹಳೆಯ ಉಪ್ಪಿನಕಾಯಿ ಬಾಟಲಿಯ ತುಕ್ಕು ಹಿಡಿದ ಮುಚ್ಚಳ ಖಂಡಿತ ಬೇಡ. ತೆರೆದ ಮೇಲೆ ಫ್ರಿಜ್ಜು, ಒಣ ಚಮಚ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ, ಸಿಹಿ ಕಡಿಮೆ ಬೇಕು ಎಂದರೆ ಖಂಡಿತ ಮಾಡಿ. ಆದರೆ ಒಂದೇ ಬಾಟಲಿ ಮಾಡಿ, ಮೊದಲ ದಿನದಿಂದಲೂ ಫ್ರಿಜ್ಜಿನಲ್ಲಿಡಿ, ಎರಡು ವಾರದಲ್ಲಿ ಮುಗಿಸಿ. ಅದನ್ನು ಮಾರಬೇಡಿ, ದೂರದ ಊರಿಗೆ ಕಳಿಸಬೇಡಿ.

ಮಾರ್ಚ್ ಮೊದಲ ವಾರ, ಸ್ಟ್ರಾಬೆರಿ ಮುಗಿಯುವ ಮುಂಚೆ, ಈ ಲೆಕ್ಕದಲ್ಲಿ ಮತ್ತೆ 34 ಬಾಟಲಿ ಮಾಡಿದೆ. ನಾಲ್ಕು ಬಾಟಲಿಯಂತೆ ಒಂಬತ್ತು ಸಲ, ಒಂದೇ ಸಲ ಹಂಡೆ ತುಂಬ ಅಲ್ಲ. ಹೆಚ್ಚಾದ ಎರಡನ್ನು ಮನೆಯ ಕಪಾಟಿನಲ್ಲಿ ಇಟ್ಟು ಗಮನಿಸಿದೆ. ಹತ್ತು ದಿನ ಕಾದು, ನೋಡಿ, ಆಮೇಲೆ ಮನೆಮನೆಗೂ ಹೋಗಿ ಕೊಟ್ಟು ಬಂದೆ, ದುಡ್ಡಿಲ್ಲದೆ. ಬೈದ ಇಬ್ಬರ ಮನೆಗೂ ಹೋದೆ. ಒಬ್ಬರು ತೆಗೆದುಕೊಂಡರು, ಇನ್ನೊಬ್ಬರು ಬೇಡ ಎಂದರು. ಅದೂ ಸರಿಯೇ.

ಅದಾದ ಒಂದೇ ವಾರಕ್ಕೆ ಲಾಕ್‌ಡೌನ್. ಆಮೇಲೆ ಫೋನುಗಳು ಬರತೊಡಗಿದವು. ಬ್ರೆಡ್ಡು ಸಿಗುತ್ತಿಲ್ಲ, ಚಪಾತಿಗೆ ನಿಮ್ಮ ಜಾಮ್ ಹಚ್ಚಿ ಮಕ್ಕಳಿಗೆ ಕೊಡುತ್ತಿದ್ದೇವೆ ಎಂದರು. ಮಗುವಿನ ಹುಟ್ಟುಹಬ್ಬ, ಬೇಕರಿ ಮುಚ್ಚಿದೆ, ಓವನ್ ಇಲ್ಲ, ಏನು ಮಾಡಲಿ ಎಂದರು. ನಾನು ಫೋನಿನಲ್ಲೇ ಉಪ್ಪಿನ ಪಾತ್ರೆಯ ಕೇಕು ಹೇಳಿಕೊಟ್ಟೆ. ಅದೇ ನಮ್ಮ ಹನಿ ಕೇಕು, ಮೊಟ್ಟೆ ಇಲ್ಲದ್ದು.

ಒಂದು ಬಟ್ಟಲು ಗಟ್ಟಿ ಮೊಸರಿಗೆ ಮುಕ್ಕಾಲು ಬಟ್ಟಲು ಸಕ್ಕರೆ ಹಾಕಿ ಕರಗಿಸಿ. ಒಂದೂಕಾಲು ಚಿಕ್ಕ ಚಮಚ ಬೇಕಿಂಗ್ ಪೌಡರ್, ಅರ್ಧ ಚಿಕ್ಕ ಚಮಚ ಅಡುಗೆ ಸೋಡಾ ಬೆರೆಸಿ ಐದು ನಿಮಿಷ ಬಿಡಿ, ಮೊಸರಿನ ಹುಳಿಗೂ ಸೋಡಾಕ್ಕೂ ಜಗಳ ಶುರುವಾಗಿ ಗುಳ್ಳೆ ಏಳುತ್ತದೆ. ಅರ್ಧ ಬಟ್ಟಲು ವಾಸನೆ ಇಲ್ಲದ ಎಣ್ಣೆ, ಸ್ವಲ್ಪ ವೆನಿಲ್ಲಾ, ಒಂದೂವರೆ ಬಟ್ಟಲು ಜರಡಿ ಹಿಡಿದ ಮೈದಾ. ಎಲ್ಲಕ್ಕೂ ಒಂದೇ ಬಟ್ಟಲು ಇರಲಿ. ಗಂಟಿಲ್ಲದಂತೆ ಬೆರೆತರೆ ಸಾಕು, ಚಪಾತಿ ಹಿಟ್ಟಿನ ಹಾಗೆ ನಾದಿದರೆ ಕೇಕು ರಬ್ಬರಾಗುತ್ತದೆ. ಮುಂಚೆಯೇ ಕಾಯಿಸಿಟ್ಟ ಓವನ್ನಿನಲ್ಲಿ 180 ಡಿಗ್ರಿಗೆ 30ರಿಂದ 35 ನಿಮಿಷ. ಉಪ್ಪಿನ ಪಾತ್ರೆಯಾದರೆ ಸಣ್ಣ ಉರಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಮೊದಲ ಇಪ್ಪತ್ತು ನಿಮಿಷ ಮುಚ್ಚಳ ತೆಗೆದು ಇಣುಕಬೇಡಿ, ಕುಸಿಯುತ್ತದೆ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬರಬೇಕು.

ಅರ್ಧ ಬಟ್ಟಲು ನೀರಿಗೆ ಕಾಲು ಬಟ್ಟಲು ಸಕ್ಕರೆ ಹಾಕಿ ಕುದಿಸಿ ಇಳಿಸಿ. ಉಗುರು ಬೆಚ್ಚಗಾದ ಮೇಲೆ ಮೂರು ದೊಡ್ಡ ಚಮಚ ಜೇನು ಬೆರೆಸಿ. ಕೇಕಿಗೆ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಆ ನೀರನ್ನು ಚಮಚದಲ್ಲಿ ಸುರಿಯುತ್ತ ಹೋಗಿ. ನಾಲ್ಕು ಚಮಚ ಜಾಮನ್ನು ಸ್ವಲ್ಪ ಬಿಸಿ ಮಾಡಿ ಮೇಲೆ ಸವರಿ. ಒಣ ಕೊಬ್ಬರಿ ಪುಡಿ ಉದುರಿಸಿ. ಒಂದು ರಾತ್ರಿ ಬಿಟ್ಟು ಕತ್ತರಿಸಿದರೆ ರುಚಿ ಹೆಚ್ಚು, ಆದರೆ ನಮ್ಮ ಮನೆಯಲ್ಲಿ ಅಷ್ಟು ಹೊತ್ತು ಅದು ಉಳಿದದ್ದಿಲ್ಲ.

ಯಜಮಾನರಿಗೆ ಆ ವರ್ಷದ ಕೊನೆಗೆ ಬೇರೆ ಕೆಲಸ ಸಿಕ್ಕಿತು, ಮೊದಲಿಗಿಂತ ಕಡಿಮೆ ಸಂಬಳ. ಅಲ್ಲಿಯವರೆಗೆ ಕೇಕು, ಜಾಮಿನ ದುಡ್ಡಿನಲ್ಲಿ ಸಂಸಾರ ಪೂರ್ತಿ ನಡೆಯಿತು ಎಂದರೆ ಉತ್ಪ್ರೇಕ್ಷೆ. ಹಾಲು, ತರಕಾರಿ, ಕರೆಂಟಿನ ಬಿಲ್ಲು ನಡೆಯಿತು. ಮಗಳ ಕಂತಿಗೆ ನನ್ನ ಒಂದು ಜೊತೆ ಬಳೆ ಅಡವಿಟ್ಟೆವು, ಆಮೇಲೆ ಬಿಡಿಸಿಕೊಂಡೆವು. ಸ್ಟ್ರಾಬೆರಿ ತೊಟ್ಟು ತೆಗೆಯುವ ಕೆಲಸ ಅಂದಿನಿಂದ ಇಂದಿನವರೆಗೂ ಅವರದೇ.

ಮನೆಯಿಂದ ಮಾರಬೇಕೆಂದಿರುವ ತಂಗಿಯರಿಗೆ ಎರಡು ಮಾತು. ಎಫ್‌ಎಸ್‌ಎಸ್‌ಎಐಯಲ್ಲಿ ಸಣ್ಣ ವಹಿವಾಟಿನವರಿಗೂ ನೋಂದಣಿ ಇದೆ, ಅದನ್ನು ಮಾಡಿಸಿ. ನಾನು ಮೊದಲ ಸಲ ಅದನ್ನೂ ಮಾಡಿಸಿರಲಿಲ್ಲ. ಮತ್ತೆ, ಒಂದು ನೋಟ್‌ಬುಕ್ ಇಡಿ. ಯಾವ ದಿನ ಮಾಡಿದ್ದು, ಹಣ್ಣೆಷ್ಟು, ಸಕ್ಕರೆಯೆಷ್ಟು, ಯಾರಿಗೆ ಕೊಟ್ಟದ್ದು, ಅವರ ಫೋನ್ ನಂಬರು. ಪ್ರತಿ ಸಲ ಮಾಡಿದ್ದರಲ್ಲಿ ಒಂದು ಬಾಟಲಿಯನ್ನು ಮನೆಯಲ್ಲೇ ಇಟ್ಟುಕೊಳ್ಳಿ. ಕೆಟ್ಟರೆ ಮೊದಲು ನಮಗೆ ತಿಳಿಯಬೇಕು. ತಿಳಿದ ದಿನವೇ ಫೋನ್ ಎತ್ತಬೇಕು.

ಇವತ್ತು ಹಿಂದಿನ ಮೇಜಿನ ಮೇಲೆ ಹನಿ ಕೇಕು ಇಟ್ಟಿದ್ದೇನೆ. ಅಂದು ಬ್ರೆಡ್ಡಿಗೆ ಜಾಮ್ ಹಚ್ಚಿಕೊಂಡು ತಿಂದ ಹುಡುಗ ಈಗ ಶಾಲೆಗೆ ಹೋಗುತ್ತಾನೆ, ಅಲ್ಲೇ ಮೇಜಿನ ಪಕ್ಕ ನಿಂತು ನನ್ನ ಮಾತು ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದಾನೆ. ಅವನನ್ನು ಇನ್ನು ಕಾಯಿಸುವುದಿಲ್ಲ. ಜಾಮಿನ ಬಾಟಲಿ ಒಯ್ಯುವವರು ಖಾಲಿ ಬಾಟಲಿಯನ್ನು ಮುಚ್ಚಳದ ಸಮೇತ ಮುಂದಿನ ಸಭೆಗೆ ತಂದುಕೊಡಿ. ಕುದಿಸುವ ಕೆಲಸ ನನ್ನದು.